ಸೂಜಿ ಮಾಡಿಸಿದ ಜಾಗ ಕೆಂಪಾದರೆ

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷದ ಡಿಪಿಟಿ ಸೂಜಿ ಮಾಡಿಸಿ ಎರಡು ದಿನ ಆತ್ರಿ. ತೊಡಿ ಕೆಂಪಾಗಿ ಬಾತೈತಿ. ಸಣ್ಣಾಂವ ಇದ್ದಾಗ ಮೂರು ಸಲ ಮಾಡಿಸಿದಾಗ ಹಿಂಗ ಆಗಿರಲಿಲ್ಲ. ಅತ್ತಿಯವರು ಅರಿಷಿಣ-ಸುಣ್ಣ ಹಚ್ಚು ಅಂತಾರ. ಇದೇ ಲಸಿಕೆಯಿಂದ ಕೆಂಪಾದ ನೂರಾರು ವರದಿ ಮೊಬೈಲಿನ್ಯಾಗ ಓದಿ ಹೆದರಿಕಿ ಆಗೈತಿ.
– ಒಬ್ಬ ತಾಯಿ, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಅರಿಷಿಣ-ಸುಣ್ಣ ಬೇಡವೇ ಬೇಡ, ತಾಯಿ. ಸುಣ್ಣ ಎಳೆಯ ಚರ್ಮವನ್ನು ಸುಡುತ್ತದೆ. ಮೇಲಾಗಿ ಅರಿಷಿಣಕ್ಕೆ ಸುಣ್ಣ ಬೆರೆತರೆ ಅದೇ ಕೆಂಪಾಗುತ್ತದೆ; ಬಾವು ಇಳಿಯಿತೋ ಏರಿತೋ ನೋಡಲಾಗದು.

ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಕೊಂದು ಇಡಿಯಾಗಿ ಸೇರಿಸಿರುತ್ತಾರೆ, ಜೊತೆಗೆ ಅಲ್ಯೂಮಿನಿಯಂ ಲವಣವಿರುತ್ತದೆ. 6, 10, 14ನೇ ವಾರ ಹಾಕಿಸಿದ, ಐದು ರೋಗ ತಡೆಯುವ ಪೆಂಟಾವೇಲೆಂಟ್‌ನಲ್ಲೂ ಇವು ಇದ್ದವು. ಆಗಲೇ ಗುರುತು ಹಿಡಿದ ದೇಹ ಈ ಸಲ ಬೇಗನೆ, ಜೋರಾಗಿ ಎದುರಿಸುತ್ತದೆ. ತಿರುಗಿ ಹಾಕುವ ಈ ಬೂಸ್ಟರ್‌ಗೆ ಬಾವು ಹೆಚ್ಚಾಗುವುದು ಹೀಗೆ. ಔಷಧ ಸ್ನಾಯುವಿಗೆ ಇಳಿಯದೆ ಮೇಲಿನ ಕೊಬ್ಬಿನಲ್ಲೇ ಉಳಿದರೂ ಕೆಂಪು ಜಾಸ್ತಿ.

ಕೆಂಪಿನ ಅಂಚಿನ ಗುಂಟ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆಯಿರಿ. ಬೆಳಿಗ್ಗೆ ಸಂಜೆ ನೋಡಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದು ಕಷ್ಟ. ಬಿಸಿ ಎಷ್ಟಿದೆ, ಎಲ್ಲಿಯವರೆಗೆ ಗಟ್ಟಿಯಾಗಿದೆ ಎಂದು ಮುಟ್ಟಿ ನೋಡಬೇಕು. ತಣ್ಣೀರಿನಲ್ಲಿ ಹಿಂಡಿದ ಅರಿವೆಯನ್ನು 10 ನಿಮಿಷ ಇಡಿ. ತಿಕ್ಕಬೇಡಿ, ಕಾವು ಕೊಡಬೇಡಿ, ಬಿಗಿಯಾದ ಚಡ್ಡಿ ಹಾಕಬೇಡಿ. ನೋವಿನಿಂದ ಅತ್ತರೆ ಪ್ಯಾರಾಸಿಟಮಾಲ್ ಕೊಡಬಹುದು: ಕಿಲೋ ತೂಕಕ್ಕೆ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ, 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವ ಸಿರಪ್ಪಾದರೆ 6 ಮಿ.ಲೀ., 250ರದ್ದಾದರೆ 3 ಮಿ.ಲೀ. ಎರಡು ಹೊತ್ತಿನ ನಡುವೆ 6 ತಾಸು ಬಿಡಿ. ಬಾಟಲಿಯ ಮೇಲಿನ ಅಂಕಿ ಓದದೆ ಹಾಕಿದರೆ ಪ್ರಮಾಣ ಇಮ್ಮಡಿಯಾಗಬಹುದು. ಅಡುಗೆಮನೆಯ ಚಮಚ ಬೇಡ.

ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನೋವಿಲ್ಲದ ಸಣ್ಣ ಗಂಟು ಕೆಲವು ವಾರ ಉಳಿದರೂ ಚಿಂತೆಯಿಲ್ಲ. ಆದರೆ ಮೂರು ದಿನ ಕಳೆದರೂ ಕೆಂಪು ಇಳಿಯದಿದ್ದರೆ, ಗೆರೆ ದಾಟಿ ಹರಡುತ್ತಲೇ ಇದ್ದರೆ, ಮೊಣಕಾಲು ದಾಟಿದರೆ, ನಡುವೆ ಮೆತ್ತಗಾಗಿ ಕೀವು ಕಂಡರೆ, ಬಿಟ್ಟ ಜ್ವರ ತಿರುಗಿ ಬಂದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ.

ನೂರಾರು ವರದಿ ಎಂದಿರಿ. ಎಷ್ಟು ಮಕ್ಕಳಿಗೆ ಸೂಜಿ ಮಾಡಿದಾಗ ಆ ನೂರಾರು ಎಂದು ತಿಳಿಯದೆ ಆ ಅಂಕಿಯಿಂದ ಏನೂ ಹೇಳಲಾಗದು. ರೂಪಾಯಿಯಗಲದ ಕೆಂಪೂ ಇಡೀ ತೊಡೆಯ ಬಾವೂ ಅಲ್ಲಿ ಒಂದೊಂದೇ ವರದಿ. ತಾವಾಗಿ ಬಂದು ಹೇಳಿದವರ ಪಟ್ಟಿಯಲ್ಲಿ ಸಣ್ಣಪುಟ್ಟವು ಬಿಟ್ಟುಹೋಗುತ್ತವೆ; ಪ್ರತಿದಿನ ಕೇಳಿ ಬರೆದುಕೊಳ್ಳುವ ಲಸಿಕೆ ಪರೀಕ್ಷೆಗಳಲ್ಲಿ ಎಲ್ಲವೂ ಸಿಗುತ್ತವೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಹಾಗೆಂದು ವರದಿ ವ್ಯರ್ಥವಲ್ಲ. ಒಂದೇ ಕಡೆ, ಒಂದೇ ದಿನ ಸೂಜಿ ಮಾಡಿಸಿಕೊಂಡ ಹಲವು ಮಕ್ಕಳಿಗೆ ಕೀವಾದರೆ ಸೂಜಿ ಹಾಕುವಾಗ ಸ್ವಚ್ಛತೆ ತಪ್ಪಿರುವ ಸುಳಿವು ಸಿಗುವುದು ಅದರಿಂದಲೇ. ನೀವೂ ತಾಯಿ ಕಾರ್ಡ್ ತೋರಿಸಿ, ಸೂಜಿ ಹಾಕಿದ ಸಿಸ್ಟರ್‌ಗೆ ಯಾವಾಗ ಶುರುವಾಯಿತು, ಎಷ್ಟು ಅಗಲ ಎಂದು ಹೇಳಿ ಬರೆಸಿ. ಇಷ್ಟಕ್ಕೇ 5–6 ವರ್ಷದ ಡಿಪಿಟಿ ತಪ್ಪಿಸಬೇಡಿ. ಆ ದಿನವೂ ಈ ಬಾವಿನ ಸಂಗತಿ ಮೊದಲೇ ತಿಳಿಸಿ.