ಓದುಗರ ಪ್ರಶ್ನೆ, ನಮ್ಮ ಉತ್ತರ: ಬಳ್ಳಾರಿಯಿಂದ ಬೆರಸ್ತಗಿಗೆ

ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಬೆರಸ್ತಗಿ ಅಂತ ಒಂದು ಸಣ್ಣ ಊರಿದೆ, ಅಕ್ಕಪಕ್ಕ ಎರಡು ಜ್ವಾಲಾಮುಖಿ ಇವೆ ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಬಳ್ಳಾರಿ ಕಡೆಯಿಂದ ತುಂಬಾ ಪತ್ರ ಬಂದಿವೆ. ಮೂರಕ್ಕೆ ಇಲ್ಲಿ ಉತ್ತರ ಕೊಡ್ತಿದ್ದೇನೆ.

ಪ್ರಶ್ನೆ: ಸರ್, ಮೇ ರಜೆಯಲ್ಲಿ ನಾನು, ನಮ್ಮ ಮನೆಯವರು, 12 ವರ್ಷದ ಮಗ ಹೋಗಬೇಕು ಅಂತಿದ್ದೇವೆ. ಮೂವರೂ ಸಸ್ಯಾಹಾರಿಗಳು. ಹೇಗೆ ಹೋಗೋದು, ಏನು ನೋಡೋದು, ಊಟಕ್ಕೇನು ಮಾಡೋದು? (ಶಿಕ್ಷಕಿ, ಬಳ್ಳಾರಿ)

ಧಾರಾಳವಾಗಿ ಹೋಗಿ ಬನ್ನಿ ಮೇಡಂ. ಬೆಂಗಳೂರಿಂದ ಕೌಲಾಲಂಪುರ, ಅಲ್ಲಿಂದ ಮೇಡಾನ್. ಮೇಡಾನ್‌ನಿಂದ ಬೆರಸ್ತಗಿ 65 ಕಿಲೋಮೀಟರ್ ಅಷ್ಟೇ, ಆದರೆ ಘಾಟಿ ರಸ್ತೆ, ಲಾರಿಗಳು ಜಾಸ್ತಿ, ಎರಡೂವರೆ ಮೂರು ಗಂಟೆ ಹಿಡಿಯುತ್ತೆ. ವೀಸಾ ಅಲ್ಲಿಳಿದ ಮೇಲೆ ಸಿಗುತ್ತೆ, 30 ದಿನಕ್ಕೆ 5 ಲಕ್ಷ ರುಪಿಯಾ. ಅಂಕಿ ನೋಡಿ ಗಾಬರಿ ಆಗಬೇಡಿ, ನಮ್ಮ ಲೆಕ್ಕದಲ್ಲಿ 3 ಸಾವಿರದ ಆಸುಪಾಸು. ಹೊರಡೋ ಮುಂಚೆ ನಿಯಮ ಒಂದ್ಸಲ ನೋಡಿಕೊಳ್ಳಿ.

ಊರು ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಬಳ್ಳಾರಿ ಬಿಸಿಲಿಂದ ನೇರ ಹೋದವರಿಗೆ ರಾತ್ರಿ ಸ್ವೆಟರ್ ಬೇಕೇ ಬೇಕು. ಹಣ್ಣಿನ ಮಾರ್ಕೆಟ್ಟಿನಲ್ಲಿ ಮಾರ್ಕೀಸಾ ಅಂತ ಹಣ್ಣು ಮಾರ್ತಾರೆ, ನಮ್ಮ ಪ್ಯಾಷನ್ ಫ್ರೂಟೇ, ಆದರೆ ತುಂಬಾ ಸಿಹಿ. ಬೆಟ್ಟದ ಬೂದಿ ಬೆರೆತ ಮಣ್ಣು ಕಪ್ಪಗೆ, ಮೆತ್ತಗೆ ಇರುತ್ತೆ. ಕೋಸು, ಕ್ಯಾರೆಟ್, ಕಿತ್ತಳೆ ಏನು ಹಾಕಿದರೂ ಬರುತ್ತೆ.

ಹತ್ತಬೇಕಾದ ಬೆಟ್ಟ ಸಿಬಾಯಾಕ್, ಆ ಎರಡು ಜ್ವಾಲಾಮುಖಿಗಳಲ್ಲಿ ಒಂದು. ಎತ್ತರ 2,200 ಮೀಟರ್ ಹತ್ತಿರ. ಮೂರು ಗಂಟೆ ಹತ್ತಿದರೆ ಸಾಕು, ನಿಮ್ಮ ಮಗ ನಿಮಗಿಂತ ಮುಂಚೆ ತಲುಪ್ತಾನೆ. ಬಾಯಿಯ ಹತ್ತಿರ ಹೋಗ್ತಿದ್ದ ಹಾಗೆ ಕುಕ್ಕರ್ ಸೀಟಿ ನಿಲ್ಲದೆ ಕೂಗಿದಂಥ ಸದ್ದು ಕೇಳುತ್ತೆ. ಬಂಡೆ ಸಂದಿಯಿಂದ ಹಬೆ ಬುಸುಗುಡ್ತಾ ಇರುತ್ತೆ, ಸಂದಿಯ ಅಂಚಿಗೆ ಗಂಧಕ ಹಳದಿ ಸೂಜಿಗಳ ಹಾಗೆ ಕಟ್ಟಿಕೊಂಡಿರುತ್ತೆ. ಕೊಳೆತ ಮೊಟ್ಟೆ ವಾಸನೆ. ನಾನು ಬೆಳ್ಳಿ ಉಂಗುರ ಹಾಕಿಕೊಂಡೇ ಹೋಗಿದ್ದೆ, ಇಳಿಯುವಷ್ಟರಲ್ಲಿ ಕಪ್ಪಾಗಿತ್ತು. ಕಾಲ್ಗೆಜ್ಜೆ, ಕಾಲುಂಗುರ ತೆಗೆದಿಟ್ಟು ಹೋಗಿ. ಗೈಡ್ ಇಲ್ಲದೆ ಮಾತ್ರ ಹತ್ತಬೇಡಿ. ದುಡ್ಡು ಉಳಿಸೋಣ ಅಂತ ನಾನು, ನನ್ನ ಜೊತೆ ಬಂದವರು ಇಬ್ಬರೇ ಹೊರಟಿದ್ವಿ, ಹತ್ತು ನಿಮಿಷದಲ್ಲಿ ಮಂಜು ಕವಿದು ಎದುರಿನ ಬಂಡೆಯೂ ಕಾಣದೆ ಎರಡು ಗಂಟೆ ಕೂತಲ್ಲೇ ಕೂತಿದ್ವಿ. ಆ ಹೆದರಿಕೆ ಇನ್ನೂ ಮರೆತಿಲ್ಲ. ಮೇನಲ್ಲಿ ಮಧ್ಯಾಹ್ನದ ಮೇಲೆ ಮಳೆ ಹಿಡಿಯಬಹುದು, ನಸುಕಿನಲ್ಲೇ ಹೊರಡಿ. ಇಳಿದ ಮೇಲೆ ಬುಡದಲ್ಲಿ ಬಿಸಿನೀರಿನ ಕೊಳಗಳಿವೆ, ಕಾಲು ಇಳಿಬಿಟ್ಟು ಕೂತರೆ ನೋವೆಲ್ಲ ಹೋಗುತ್ತೆ.

ಊಟದ ಮಾತು. ಅಲ್ಲಿನ ಕಾರೋ ಜನ ಹಂದಿ ಮಾಂಸ ಜಾಸ್ತಿ ತಿಂತಾರೆ, ಊರ ತುಂಬ ಅದೇ ಹೋಟೆಲ್. ನೀವು ಗಾಡೊ-ಗಾಡೊ ಕೇಳಿ. ಬೇಯಿಸಿದ ತರಕಾರಿ ಮೇಲೆ ಶೇಂಗಾ ಚಟ್ನಿ ಸುರಿದು ಕೊಡ್ತಾರೆ, ನಮ್ಮ ನಾಲಿಗೆಗೆ ತಕ್ಷಣ ಹೊಂದುತ್ತೆ. ಆದರೆ ಚಟ್ನಿಗೆ ಒಣ ಸೀಗಡಿಯ ‘ತೆರಾಸಿ’ ಹಾಕೋ ರೂಢಿ ಇದೆ. ಅದಕ್ಕೆ ‘ತನ್ಪಾ ತೆರಾಸಿ’ ಅಂತ ಮೊದಲೇ ಹೇಳಿ, ತೆರಾಸಿ ಬೇಡ ಅಂತ ಅರ್ಥ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಕೆಡೋದಿಲ್ಲ. ಎದುರು ಸಿಕ್ಕವರಿಗೆ ‘ಮೆಜುವಾ-ಜುವಾ’ ಅನ್ನಿ, ಅದು ಕಾರೋ ಜನರ ನಮಸ್ಕಾರ. ಅವರಲ್ಲಿ ಸೆಂಬಿರಿಂಗ್ ಕುಲದ ಒಳಪಂಗಡಗಳಿಗೆ ಚೋಲಿಯಾ, ಪಾಂಡಿಯಾ, ಬ್ರಾಹ್ಮಣಾ ಅಂತ ಹೆಸರಿವೆ. ಹಳೇ ಕಾಲದಲ್ಲಿ ದಕ್ಷಿಣ ಭಾರತದ ವ್ಯಾಪಾರಿಗಳ ಜೊತೆ ಬಂದ ಹೆಸರು ಅಂತಾರೆ.

ಪ್ರಶ್ನೆ: ಅಣ್ಣಾ, ಸಿಬಾಯಾಕ್ ಬಿಡಿ, ಬೆಂಕಿ ಉಗುಳೋ ಸಿನಾಬುಂಗ್ ಹತ್ತಬಹುದಾ? ಒಳ್ಳೆ ವಿಡಿಯೋ ಸಿಗುತ್ತೆ ಅಂತ ಗೆಳೆಯರು ಹೇಳ್ತಾರೆ. (ಸಿರುಗುಪ್ಪದ ಯುವಕ)

ಬೇಡ ತಮ್ಮಾ. ನೂರಾರು ವರ್ಷ ಸುಮ್ನಿದ್ದ ಆ ಬೆಟ್ಟ 2010ರ ಆಗಸ್ಟ್‌ನಲ್ಲಿ ಎದ್ದಿತು. 2014ರ ಫೆಬ್ರವರಿ 1ರಂದು ಕಾದ ಬೂದಿ, ಕಲ್ಲು, ಅನಿಲ ಒಟ್ಟಿಗೆ ಇಳಿಜಾರಲ್ಲಿ ಉರುಳಿ ಬಂದು 16 ಜನರಾದರೂ ಸತ್ತರು. ನೋಡೋಕೆ ಅಂತ ಒಳಗೆ ಹೋದ ಹುಡುಗರೂ ಅದರಲ್ಲಿದ್ದರು. 2016ರ ಮೇನಲ್ಲಿ ಮತ್ತೆ ಏಳು ಜನ ಸತ್ತರು. ನಿಷೇಧಿತ ಜಾಗ ಅಂತ ಗೊತ್ತಿದ್ದೂ ಹೊಲಕ್ಕೆ ಬಂದವರು ಅವರು, ಬೆಳೆದು ನಿಂತ ಪೈರು ಬಿಟ್ಟಿರೋಕೆ ಯಾವ ರೈತನಿಗೆ ಮನಸ್ಸು ಬರುತ್ತೆ ಹೇಳು. ಎಷ್ಟೋ ಹಳ್ಳಿಗಳನ್ನೇ ಬೇರೆ ಕಡೆ ಎಬ್ಬಿಸಿದ್ದಾರೆ. ಊರಿನ ಗುಂಡಾಲಿಂಗ್ ಗುಡ್ಡದ ಮೇಲಿಂದ ಸಿನಾಬುಂಗ್ ಚೆನ್ನಾಗಿ ಕಾಣುತ್ತೆ. ಅಲ್ಲಿಂದಲೇ ವಿಡಿಯೋ ಮಾಡಿಕೋ.

ಪ್ರಶ್ನೆ: ನಮ್ಮೂರ ಬೂದಿದಿಬ್ಬವೂ ಜ್ವಾಲಾಮುಖಿಯದ್ದೇ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ. ನಿಜವೇ? (ಕುಡತಿನಿಯ ಹಿರಿಯರು)

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಇಲ್ಲ ಯಜಮಾನರೇ, ಅದು ಸಗಣಿ ಬೂದಿ. ಹಿಂದೆ ಕೆಲವರು ಜ್ವಾಲಾಮುಖಿಯದ್ದೇ ಅಂದುಕೊಂಡಿದ್ದರು. ಆದರೆ ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ದೊಡ್ಡಿಯ ಸಗಣಿ ಒಟ್ಟಿ ಒಟ್ಟಿ ಸುಟ್ಟಿದ್ದರಿಂದ ಆದ ದಿಬ್ಬಗಳವು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇದೆ, ಆ ಕಾಲದ ಜನ ಬಳಸಿದ ಕಲ್ಲಿನ ಕೊಡಲಿಗಳನ್ನು ಅಲ್ಲಿ ನೋಡಬಹುದು.

ಆದರೆ ಸುಮಾತ್ರಾದ ಬೂದಿ ನಮ್ಮ ಪಕ್ಕಕ್ಕೇ ಬಂದು ಬಿದ್ದಿದೆ. ಬೆರಸ್ತಗಿಯಿಂದ ಒಂದೂವರೆ ಗಂಟೆ ಹೋದರೆ ತೋಬಾ ಸರೋವರ ಸಿಗುತ್ತೆ, ಸುಮಾರು 100 ಕಿಲೋಮೀಟರ್ ಉದ್ದ. ಸುಮಾರು 74 ಸಾವಿರ ವರ್ಷದ ಹಿಂದೆ ಸಿಡಿದು ಕುಸಿದ ಜ್ವಾಲಾಮುಖಿಯ ಗುಂಡಿ ಅದು. ಆಗ ಎದ್ದ ಬೂದಿ ಬಂಗಾಳ ಕೊಲ್ಲಿ ದಾಟಿ ಬಂದು ಆಂಧ್ರದ ಬನಗಾನಪಲ್ಲಿ ಹತ್ತಿರದ ಜ್ವಾಲಾಪುರಂನಲ್ಲಿ ಬಿತ್ತು. ಹೆಸರೂ ಎಂಥದ್ದು ನೋಡಿ! ಮಳೆನೀರಿಗೆ ಕೊಚ್ಚಿ ಬಂದದ್ದೂ ಸೇರಿ ಅಲ್ಲಿ ಕೆಲವು ಕಡೆ ಆಳೆತ್ತರಕ್ಕೂ ಮೇಲೆ ಬೂದಿ ನಿಂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಅಗೆದು ನೋಡಿದಾಗ ಬೂದಿಯ ಕೆಳಗೂ ಕಲ್ಲಿನ ಉಪಕರಣ ಸಿಕ್ಕವು, ಮೇಲೂ ಸಿಕ್ಕವು. 2007ರಲ್ಲಿ ಅದನ್ನು ಪ್ರಕಟಿಸಿದರು. ಅಷ್ಟು ಬೂದಿ ಸುರಿದ ಮೇಲೂ ಇಲ್ಲಿ ಜನ ಬದುಕಿದ್ದರು ಅನ್ನೋದು ಅವರ ವಾದ.

ಆ ಬೂದಿ ಬೆಳ್ಳಗೆ, ಹಿಟ್ಟಿನ ಹಾಗೆ ನುಣ್ಣಗೆ ಇರುತ್ತೆ. ಬೆರಳಲ್ಲಿ ತಿಕ್ಕಿದರೆ ಗಾಜಿನ ಪುಡಿಯಂತೆ ಸ್ವಲ್ಪ ಚುಚ್ಚುತ್ತೆ, ಗಾಜೇ ಅದು. ಮೇಲೆ ಬರೆದ ಟೀಚರಮ್ಮನಿಗೂ ಇದನ್ನೇ ಹೇಳ್ತೇನೆ. ವಿಮಾನ ಹತ್ತೋ ಮುಂಚೆ ಒಂದು ಭಾನುವಾರ ಮಗನನ್ನು ಜ್ವಾಲಾಪುರಂಗೆ ಕರೆದುಕೊಂಡು ಹೋಗಿ, ಆ ಬೂದಿ ಅವನ ಕೈಯಾರೆ ಮುಟ್ಟಲಿ. ಬಸ್ಸು ನಂಬಿಕೊಳ್ಳೋದಕ್ಕಿಂತ ಗಾಡಿ ಮಾಡಿಕೊಂಡು ಹೋಗೋದು ಒಳ್ಳೇದು, ಕುಡಿಯೋ ನೀರು ಜಾಸ್ತಿ ಇಟ್ಟುಕೊಳ್ಳಿ.