ಸೀಟಲ್ಲ, ಪೆಡಲು ನೋಡಿ

ಆರಡಿ ಎತ್ತರದವರು, ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಹೋಗಿ ಬರಲಿಕ್ಕೆ ಆದೀತಾ ಅಂತ ಕೇಳಿದ್ದೀರಿ. ಅಂಥದ್ದೇ ಯುರೋಪಿನ ಒಂದು ಕಾರನ್ನು ಮೂರು ವರ್ಷ ಓಡಿಸಿದವ ನಾನು. ಸೀಟಿನ ಬಗ್ಗೆ ದೂರಿಲ್ಲ, ಉಪದ್ರ ಇರುವುದು ಕಾಲಬುಡದಲ್ಲಿ. ಎಡ ಸ್ಟಿಯರಿಂಗಿಗೆಂದು ಮಾಡಿದ ಕಾರನ್ನು ನಮಗಾಗಿ ಬಲಕ್ಕೆ ಬದಲಿಸಿದಾಗ, ಮುಂಚಕ್ರಕ್ಕೆ ಜಾಗ ಬಿಟ್ಟ ಉಬ್ಬು ಕಾಲಬುಡಕ್ಕೆ ಚಾಚಿ ಪೆಡಲುಗಳು ಒಂದಿಷ್ಟು ಎಡಕ್ಕೆ ಸರಿಯುವುದುಂಟು. ಸೊಂಟ ತಿರುಚಿ ಕೂತ ಹಾಗೆ. ನನಗೆ ಕುಂಬಳೆ ದಾಟುವಾಗಲೇ ಗೊತ್ತಾಗುತ್ತಿತ್ತು.

ಇನ್ನು ಬಾಟಲಿ ಇಡುವ ಗುಂಡಿ, ಗೇರಿನ ಬೆನ್ನಿಗೇ. ಎರಡನೇ ಗೇರಿಗೆ ಎಳೆದಾಗಲೆಲ್ಲ ಮೊಣಕೈ ಬಡಿಯುತ್ತದೆ. ಒಮ್ಮೆ ಪುನರ್ಪುಳಿ ಶರಬತ್ತು ಪಕ್ಕದ ಕಿಟಕಿ ಸ್ವಿಚ್ಚಿನ ಮೇಲೆ ಚೆಲ್ಲಿ, ಕಿಟಕಿ ಗ್ಲಾಸು ಅರ್ಧಕ್ಕೇ ನಿಂತಿತು. ಹೊರಗೆ ಆಟಿ ತಿಂಗಳ ಮಳೆ ಮಾರಾಯ್ರೆ!

ಮನೆಯಲ್ಲಿ ಮಾರುತಿ ಇದ್ದರೆ ಇನ್ನೊಂದು ತಮಾಷೆ. ಅದರ ಇಂಡಿಕೇಟರ್ ಬಲಗೈಗೆ, ಯುರೋಪಿನವರದ್ದು ಎಡಗೈಗೆ. ಉಪ್ಪಳದಲ್ಲಿ ಇಂಡಿಕೇಟರ್ ಅಂತ ಬಲಗೈಯ ಕಡ್ಡಿ ಎಳೆದು, ಸುಡುಬಿಸಿಲಿಗೆ ನನ್ನ ವೈಪರ್ ಆಡುವುದು ಕಂಡು ಆಟೋದವ ನಕ್ಕಿದ್ದ.

ತೆಗೆದುಕೊಳ್ಳುವ ಮೊದಲು ಕ್ಲಚ್ಚನ್ನು ಪೂರ್ತಿ ಒತ್ತಿ ನೋಡಿ, ಆಗಲೂ ಮೊಣಕಾಲು ತುಸು ಮಡಚಿರಬೇಕು. ಬೆನ್ನು ಸೀಟಿಗೆ ಆನಿಸಿಯೇ ಇದ್ದು, ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿಗೆ ಸಿಗಬೇಕು. ರಸ್ತೆಯಿಂದ ಕಣ್ಣು ತೆಗೆಯದೆ ಏಸಿ ಗುಂಡಿ ಸಿಗುತ್ತದಾ ನೋಡಿ. ಐದು ನಿಮಿಷದ ಟ್ರಯಲ್ ಸಾಲದು, ತಲಪಾಡಿವರೆಗಾದರೂ ಓಡಿಸಲಿಕ್ಕೆ ಕೇಳಿ. ಮೊಣಕಾಲು ತಾಗುವಲ್ಲಿ ಫೋಮ್ ಅಂಟಿಸಬಹುದು. ದಪ್ಪ ಸೀಟ್ ಕವರ್ ಮಾತ್ರ ಬೇಡ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಅಡ್ಡ ಬರುತ್ತದೆ.