ಸಿಸಿ ಜಾಸ್ತಿ ಇದ್ದೂ ಹಿಂದೆ ಬೀಳೋದು ಯಾಕೆ?

ಪ್ರಶ್ನೆ: ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಸಿಗ್ನಲ್ ಬಿಟ್ಟ ಕೂಡಲೇ ಗೆಳೆಯನ ಹಳೇ ಆರ್‌ಎಕ್ಸ್ 100 ನನ್ನನ್ನು ಹಿಂದೆ ಹಾಕುತ್ತದೆ. ಇನ್ನೊಬ್ಬನ ಡ್ಯೂಕ್ 390 ಅಂತೂ ಕಣ್ಣಿಗೇ ಸಿಗಲ್ಲ. ಬೋರ್ ಮಾಡಿಸಿದರೆ (ಸಿಲಿಂಡರ್ ಕೊರೆಸಿ ಅಗಲ ಮಾಡಿಸಿದರೆ) ಡ್ರ್ಯಾಗ್ ರೇಸ್‌ಗೆ ಆಗುತ್ತಾ?
– ಒಬ್ಬ ಓದುಗ, ಹಾಸನ

ಉತ್ತರ: ಸಿಸಿ ಅಂದರೆ ಸಿಲಿಂಡರ್ ಒಳಗಿನ ಜಾಗ, ಅಷ್ಟೇ. ಆ ಜಾಗದಲ್ಲಿ ಎಂಜಿನ್ ಎಷ್ಟು ಶಕ್ತಿ ತೆಗೆಯುತ್ತದೆ, ಎಷ್ಟು ಆರ್‌ಪಿಎಂಗೆ (ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿಗೆ) ತೆಗೆಯುತ್ತದೆ ಅನ್ನೋದು ಬೇರೆ ಲೆಕ್ಕ.

ನಿಮ್ಮದು 349 ಸಿಸಿ, ಹಿಂದಿನ ಮಾಡೆಲ್ ಡ್ಯೂಕ್ 373. ಹೆಚ್ಚೂಕಮ್ಮಿ ಒಂದೇ. ಆದರೆ ನಿಮ್ಮದರ ಪವರ್ 20 ಬಿಎಚ್‌ಪಿ, ಅದರದ್ದು 43ರ ಹತ್ತಿರ. ಎರಡೂ ಪಿಸ್ಟನ್ ಟೇಬಲ್ ಮೇಲಿಟ್ಟು ನೋಡಿದರೆ ಗೊತ್ತಾಗುತ್ತದೆ. ಡ್ಯೂಕ್‌ನದ್ದು 89 ಮಿ.ಮೀ. ಅಗಲ, ಮೇಲೆ ಕೆಳಗೆ ಓಡೋದು ಬರೀ 60 ಮಿ.ಮೀ. ಹಾಗಾಗಿ 9,000 ಆರ್‌ಪಿಎಂವರೆಗೆ ಆರಾಮಾಗಿ ಸುತ್ತುತ್ತದೆ. ನಿಮ್ಮದು 72 ಮಿ.ಮೀ. ಅಗಲ, ಓಟ 85.8. ಇದು ಎಳೆಯುವ ಎಂಜಿನ್. 4,000 ಆರ್‌ಪಿಎಂಗೇ 27 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಹತ್ತೋಕೆ ಬೇಕಾದ್ದು ಇದೇ ಅಲ್ವಾ?

ಆರ್‌ಎಕ್ಸ್ 98 ಸಿಸಿ, 11 ಬಿಎಚ್‌ಪಿ. ತೂಕ ನೂರು ಕೆ.ಜಿ. ಚಿಲ್ಲರೆ. ನಿಮ್ಮದು 195. ಭಾಗಿಸಿ ನೋಡಿ, ಒಂದೊಂದು ಬಿಎಚ್‌ಪಿ ಮೇಲೂ ಎರಡಕ್ಕೂ ಒಂಬತ್ತೂವರೆ ಕೆ.ಜಿ. ಆಸುಪಾಸಿನ ಹೊರೆ! ಮೇಲಾಗಿ ಅದು ಟೂ ಸ್ಟ್ರೋಕ್, ಪ್ರತಿ ಸುತ್ತಿಗೂ ಉರಿಯುತ್ತದೆ. ಅದಕ್ಕೇ ನಿಂತಲ್ಲಿಂದ ಜಿಗಿಯುತ್ತದೆ. ರಸ್ತೆ ಉದ್ದ ಇದ್ದರೆ ನಿಮ್ಮ ಗಾಡಿ ಅದನ್ನು ಹಿಡಿದುಬಿಡುತ್ತದೆ.

ಬೋರ್ ಬೇಡ. ರೇಸ್‌ಗೆ ಅಂತ ಎಂಜಿನ್ ಕೊರೆಸಿದರೆ ಏನಾಗಬಹುದು ಅಂತ ಕೇಳಿ. ಮೈಸೂರಿನ ನನ್ನ ಗ್ಯಾರೇಜಿಗೆ ಒಬ್ಬ ಹುಡುಗ ಅಪ್ಪನ ಆರ್‌ಎಕ್ಸ್ ತಳ್ಳಿಕೊಂಡು ಬಂದಿದ್ದ. ಯಾರೋ ಡ್ರ್ಯಾಗ್‌ಗೆ ಅಂತ ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಗ್ಯಾಸ್ ಹೋಗಿಬರುವ ಕಿಂಡಿ) ಕೊರೆದು ದೊಡ್ಡದು ಮಾಡಿದ್ದರು. ಪವರೆಲ್ಲ ಮೇಲಿನ ಆರ್‌ಪಿಎಂಗೆ ಹೋಗಿ, ಚಾಮುಂಡಿ ಬೆಟ್ಟದ ತಿರುವಲ್ಲಿ ಸೆಕೆಂಡ್ ಗೇರ್‌ನಲ್ಲೂ ಎಳೆಯುತ್ತಿರಲಿಲ್ಲವಂತೆ. ಕೊನೆಗೆ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡುಬಿಟ್ಟಿತು. ಬಿಚ್ಚಿದರೆ ಪಿಸ್ಟನ್ ಪಕ್ಕದಲ್ಲಿ ಉಗುರಲ್ಲಿ ಗೀರಿದ ಹಾಗೆ ಉದ್ದುದ್ದ ಗೆರೆ. ಹುಡುಗ ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟ. ನನಗೂ ಹೊಟ್ಟೆ ಕಿವುಚಿದಂತಾಯಿತು.

ಡ್ರ್ಯಾಗ್ ಅಂದರೆ ನಿಂತಲ್ಲಿಂದ ನೇರಕ್ಕೆ 402 ಮೀಟರ್ ಓಟ. ಅಲ್ಲಿ ಎಂಜಿನ್ ಉದ್ದಕ್ಕೂ ಮೇಲಿನ ಆರ್‌ಪಿಎಂನಲ್ಲೇ ಇರುತ್ತದೆ, ಡ್ಯೂಕ್‌ನಂಥದ್ದೇ ಬೇಕು. ಆಸೆ ಇದ್ದರೆ ದೇಶದ ಮೋಟಾರ್ ರೇಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿ, ಮುಚ್ಚಿದ ಟ್ರ್ಯಾಕ್‌ಗೆ ಹೋಗಿ. ಬೈಪಾಸ್‌ನಲ್ಲಿ ದಯವಿಟ್ಟು ಬೇಡ. ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿದ್ದರೆ ಹತ್ತಿರ ಹೋಗೋವರೆಗೂ ಕಾಣಲ್ಲ.

ಸದ್ಯಕ್ಕೆ ಚೈನ್ ಸಡಿಲ ಆಗಿದೆಯಾ, ಕ್ಲಚ್ ಜಾರುತ್ತಿದೆಯಾ ನೋಡಿಸಿ. ಟೈರ್ ಗಾಳಿಯನ್ನೂ ಮರೀಬೇಡಿ.